ಇಆರ್‌ಪಿನೆಕ್ಸ್ಟ್ (ಬಿಲ್, ಸ್ಟಾಕ್, ಲೆಕ್ಕ ನೋಡುವ ಸಾಫ್ಟ್‌ವೇರ್) ಪ್ರೈಸಿಂಗ್ ರೂಲ್ (ಬಿಲ್‌ಗೆ ತಾನಾಗಿ ರಿಯಾಯಿತಿ ಹಾಕುವ ನಿಯಮ): ಪ್ರಶ್ನೋತ್ತರ

ಪೇಂಟ್ ಡೀಲರ್, ದಾವಣಗೆರೆ: ಮೇಡಂ, ಹೋಲ್‌ಸೇಲ್ ಗಿರಾಕಿಗೆ ರಿಯಾಯಿತಿ 8%, 50 ಲೀಟರ್ ದಾಟಿದರೆ 5%, ದೀಪಾವಳಿಗೆ 10%. ಮೂರರಲ್ಲೂ 'ಅಪ್ಲೈ ಮಲ್ಟಿಪಲ್ ಪ್ರೈಸಿಂಗ್ ರೂಲ್ಸ್' ಟಿಕ್ ಇದೆ. 1000 ರೂಪಾಯಿ ಮಾಲು 770ಕ್ಕೆ ಬಿಲ್ ಆಗಿದೆ. ನಮ್ಮ ಅಸಲೇ 840!

ಸಲಹೆಗಾರ್ತಿ: ಮೊದಲು ದೀಪಾವಳಿ ರೂಲ್ ಡಿಸೇಬಲ್ ಮಾಡಿ, ಆಮೇಲೆ ಓದಿ. ಆ ಟಿಕ್ ಇದ್ದರೆ ಶೇಕಡಾ ಎಲ್ಲ ಕೂಡಿಕೊಳ್ಳುತ್ತವೆ: 23%. 'ಡಿಸ್ಕೌಂಟೆಡ್ ರೇಟ್' (ಹಿಂದಿನ ರಿಯಾಯಿತಿ ಕಳೆದ ದರ) ಮೇಲೆ ಲೆಕ್ಕ ಹಾಕಿಸಿದರೂ 786.60, ಅದೂ ನಷ್ಟವೇ. ಮೂರರಲ್ಲೂ ಟಿಕ್ ತೆಗೆಯಿರಿ. ಹೋಲ್‌ಸೇಲ್ 8%, ಪ್ರಯಾರಿಟಿ (ಆದ್ಯತೆಯ ಅಂಕಿ) 1. ಹೋಲ್‌ಸೇಲ್ ಜೊತೆಗೆ 50 ಲೀಟರ್, 13%, ಪ್ರಯಾರಿಟಿ 5. ದೀಪಾವಳಿ ಒಟ್ಟು 15%, ಪ್ರಯಾರಿಟಿ 10. 'ವ್ಯಾಲಿಡ್ ಅಪ್‌ಟು' ದಿನಾಂಕ ಖಾಲಿ ಬಿಡಬೇಡಿ. ಪ್ರಯಾರಿಟಿಯಲ್ಲಿ ದೊಡ್ಡ ಅಂಕಿಯ ರೂಲೇ ಗೆಲ್ಲುತ್ತದೆ. ಐಟಂನಲ್ಲಿ 'ಮ್ಯಾಕ್ಸ್ ಡಿಸ್ಕೌಂಟ್' 15 ಹಾಕಿ. ಬಿಲ್ ಕೆಳಗೆ ಕೈಯಿಂದ ಹಾಕುವ ಅಡಿಷನಲ್ ಡಿಸ್ಕೌಂಟ್ ಆ ಮಿತಿಯ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಸೆಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿ ಮಾರಾಟ ದರವನ್ನು ಖರೀದಿ ದರ, ವ್ಯಾಲ್ಯುಯೇಷನ್ ರೇಟ್ (ಸ್ಟಾಕಿನ ಅಸಲು ದರ) ಜೊತೆ ಹೋಲಿಸುವ ಆಯ್ಕೆಯನ್ನೂ ಆನ್ ಮಾಡಿ.

ಹಾರ್ಡ್‌ವೇರ್, ತುಮಕೂರು: ಒಂದೇ ಐಟಂಗೆ ಎರಡು ರೂಲ್, ಕಾನ್‌ಫ್ಲಿಕ್ಟ್ ಎರರ್ ಬರ್ತಿದೆ.

ಸಲಹೆಗಾರ್ತಿ: ಪ್ರಯಾರಿಟಿ ಕೊಡಿ. ಮೇಲೆ ಬರೆದಿದ್ದೇನೆ.

ಸದಸ್ಯ, ಹಾಸನ: ಫಾರ್ವರ್ಡ್ ಬಂದಿದೆ ನೋಡಿ: "ಎರರ್ ಬಂದರೆ ಬಿಲ್‌ನಲ್ಲಿ 'ಇಗ್ನೋರ್ ಪ್ರೈಸಿಂಗ್ ರೂಲ್' ಟಿಕ್ ಮಾಡಿ, 100% ಪರಿಹಾರ."

ಸಲಹೆಗಾರ್ತಿ: ಮಾಡಬೇಡಿ. ಆ ಬಿಲ್‌ಗೆ ಒಂದು ರೂಲೂ ಹತ್ತುವುದಿಲ್ಲ, ಆಮೇಲೆ ಹುಡುಗರು ರಿಯಾಯಿತಿಯನ್ನು ಕೈಯಿಂದ ಹಾಕ್ತಾರೆ. ಎರರ್ ಮುಚ್ಚಿಟ್ಟರೆ ತಪ್ಪು ಸರಿಹೋಗಲ್ಲ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಔಷಧಿ ಸಗಟು, ಹುಬ್ಬಳ್ಳಿ: ರೂಲ್ ಪೀಸ್ ಲೆಕ್ಕದಲ್ಲಿದೆ, ಬಿಲ್ ಬಾಕ್ಸ್‌ನಲ್ಲಿ. ಮಿನಿಮಮ್ ಕ್ವಾಂಟಿಟಿ ಯಾವುದರದ್ದು?

ಅಕೌಂಟೆಂಟ್, ಮೈಸೂರು: ಮೇಡಂ, 8+5 ಅಂದರೆ 13 ಅಲ್ಲ. 92ರ ಮೇಲೆ 5%, ಅಂದರೆ 12.6.

ಪೇಂಟ್ ಡೀಲರ್: ನಾನು ಗಿರಾಕಿಗೆ 13 ಅಂತಲೇ ಹೇಳಿರೋದು.

ಅಕೌಂಟೆಂಟ್: ಬರೆದು ಕೊಟ್ಟಿದ್ದೀರಾ? ಕಂಪನಿ ಸ್ಕೀಮ್‌ನಲ್ಲಿ ಒಂದರ ಮೇಲೊಂದು ಅಂತಿದ್ದರೆ ಲಕ್ಷಕ್ಕೆ 400 ರೂಪಾಯಿ ನಿಮ್ಮ ಕೈಯಿಂದ ಹೋಯ್ತು.

ಪೇಂಟ್ ಡೀಲರ್: ಸ್ಕೀಮ್ ನಂದು ಸ್ವಾಮಿ, ಕಂಪನಿದಲ್ಲ.

ಅಕೌಂಟೆಂಟ್: ಅದನ್ನ ಮೊದಲೇ ಹೇಳ್ಬೇಕಿತ್ತು.

ಹಾರ್ಡ್‌ವೇರ್, ತುಮಕೂರು: ಪ್ರಯಾರಿಟಿಯಲ್ಲಿ 1 ದೊಡ್ಡದಾ, 10 ದೊಡ್ಡದಾ?

ಸಲಹೆಗಾರ್ತಿ: 10. ಮೂರನೇ ಸಲ.

ಪೇಂಟ್ ಡೀಲರ್: ಮೂರು ಬಣ್ಣ, ತಲಾ 20 ಲೀಟರ್, ಒಟ್ಟು 60. ರಿಯಾಯಿತಿ ಬಂದಿಲ್ಲ.

ಸಲಹೆಗಾರ್ತಿ: ಒಂದೊಂದು ಸಾಲನ್ನೂ ಬೇರೆಯಾಗಿ ನೋಡುತ್ತೆ. ಮೂರೂ ಐಟಂ ಒಂದೇ ರೂಲ್‌ನಲ್ಲಿ ಸೇರಿಸಿ 'ಮಿಕ್ಸ್ಡ್ ಕಂಡಿಷನ್ಸ್' ಟಿಕ್ ಮಾಡಿ.

ಔಷಧಿ ಸಗಟು, ಹುಬ್ಬಳ್ಳಿ: ನನ್ನ ಬಾಕ್ಸ್ ಪ್ರಶ್ನೆ?

ಸದಸ್ಯ, ಹಾಸನ: ಇನ್ನೊಂದು ಫಾರ್ವರ್ಡ್ ಇದೆ, ಹಾಕ್ಲಾ?

ಅಕೌಂಟೆಂಟ್: ಬೇಡ.