14 ವರ್ಷ ಶೆಡ್ಡಲ್ಲಿ ನಿಂತ ಫಿಯಟ್: ಮೊದಲು ಏನು ಮುಟ್ಟಬೇಕು?

ಪ್ರಶ್ನೆ (ಸಾಗರದಿಂದ):
ಮೇಸ್ತ್ರಿಯವರಿಗೆ ನಮಸ್ಕಾರ. ಅಜ್ಜ 1971ರಲ್ಲಿ ತಗೊಂಡ ಫಿಯಟ್ 1100 ಡಿಲೈಟ್ ನಮ್ಮನೇಲಿದೆ. ಅಪ್ಪ ಹೋದ ಮೇಲೆ ಯಾರೂ ಮುಟ್ಟಿಲ್ಲ, ಅಡಿಕೆ ಶೆಡ್ಡಿನ ಮೂಲೇಲಿ 14 ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ತಂದಿಟ್ಟಿದೀನಿ. ಭಾನುವಾರ ಪೆಟ್ರೋಲ್ ಹಾಕಿ ಸೆಲ್ಫ್ ಹೊಡೆಯೋಣ, ಸ್ಟಾರ್ಟ್ ಆದ್ರೆ ಪೇಟೆ ತನಕ ಓಡಿಸಿ ನೋಡೋಣ, ಆಮೇಲೆ ಬಣ್ಣ ಅಂತ ಲೆಕ್ಕ. ಬೈಕ್ ರಿಪೇರಿ ಗೊತ್ತು, ಕಾರು ಹೊಸದು. ಮನೇಲೇ ಎಷ್ಟು ಮಾಡಬಹುದು?

ಉತ್ತರ (ಮೇಸ್ತ್ರಿ, ಮೈಸೂರು):
ಬ್ಯಾಟರಿ ಅಂಗಡಿಯವ್ರು ವಾಪಸ್ ತಗೋತಾರಾ ಕೇಳಿ ನೋಡಿ. ತಮಾಷೆಗೆ ಹೇಳ್ತಿಲ್ಲ, ನಿಮಗೆ ಅದು ಬೇಕಾಗೋದು ಇನ್ನು ಮೂರ್ನಾಲ್ಕು ತಿಂಗಳಿಗೆ.

14 ವರ್ಷ ನಿಂತ ಎಂಜಿನ್ನಲ್ಲಿ ಪಿಸ್ಟನ್ ಸುತ್ತಿನ ರಿಂಗು ಬೋರಿಗೆ, ಅಂದ್ರೆ ಸಿಲಿಂಡರ್ ಗೋಡೆಗೆ, ತುಕ್ಕು ಹಿಡಿದು ಕಚ್ಚಿರುತ್ತೆ, ಒಂದೆರಡು ವಾಲ್ವ್ ಅದು ಜಾರೋ ಕೊಳವೆಯಲ್ಲೇ (ಗೈಡ್) ಕೂತಿರುತ್ತೆ. ಅಂಥದಕ್ಕೆ ಸೆಲ್ಫ್ ಹೊಡೆದ್ರೆ ರಿಂಗ್ ಮುರಿಯುತ್ತೆ, ವಾಲ್ವ್ ತಳ್ಳೋ ಸರಳು (ಪುಶ್‌ರಾಡ್) ಬಗ್ಗುತ್ತೆ. ಬರೀ ಎಣ್ಣೆ ಬಿಟ್ಟು ಕಾದಿದ್ರೆ ಬಿಡ್ತಿದ್ದ ಎಂಜಿನ್ನನ್ನ ಲೇತ್ ಶಾಪಿಗೆ ಹೊತ್ತುಕೊಂಡು ಹೋಗೋ ಹಾಗಾಗುತ್ತೆ.

ನಾಲ್ಕೂ ಪ್ಲಗ್ ಬಿಚ್ಚಿ. ಬಿಚ್ಚೋಕೆ ಮುಂಚೆ ವೈರ್‌ಗಳಿಗೆ ನಂಬರ್ ಬರೆದ ಟೇಪ್ ಸುತ್ತಿ, ನೆನಪಿರುತ್ತೆ ಅಂತ ಬಿಟ್ಟೋರೆಲ್ಲ ಆಮೇಲೆ ನಂಗೇ ಫೋನ್ ಮಾಡೋದು. ಪವರ್ ಸ್ಟೀರಿಂಗ್ ಆಯಿಲ್ ಅಂತ ಸಿಗೋ ಏಟಿಎಫ್‌ಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಒಂದೊಂದು ಪ್ಲಗ್ ತೂತಿಗೂ ನಾಲ್ಕೈದು ಚಮಚ ಬಿಡಿ. ಒಂದು ವಾರ ಹಾಗೇ ಇರ್ಲಿ, ಎಣ್ಣೆ ಇಳಿದಿದ್ರೆ ಮತ್ತೆ ಹಾಕಿ. ಆಮೇಲೆ ಟಾಪ್ ಗೇರಿಗೆ ಹಾಕಿ ಇಬ್ಬರು ನಿಂತು ಗಾಡಿನ ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಜೋರು ಬೇಡ, ತೊಟ್ಟಿಲು ತೂಗಿದ ಹಾಗೆ. ಫ್ಯಾನ್ ಬ್ಲೇಡಿನ ಮೇಲೆ ಕಣ್ಣಿರ್ಲಿ, ಅದು ಅಲ್ಲಾಡಿದ್ರೆ ಎಂಜಿನ್ ಬಿಟ್ಟಿದೆ ಅಂತ.

ಅದು ನೆನೀತಾ ಇರೋವಾಗ ನೀವು ಗಾಡಿ ಕೆಳಗೆ ನುಗ್ಗಿ. ನಿಮ್ಮ ನಿಜವಾದ ಕೆಲಸ ಇರೋದು ಅಲ್ಲಿ. ಅಂಬಾಸಿಡರ್ ಥರಾನೇ ಫಿಯಟ್‌ಗೂ ಕೆಳಗೆ ಬೇರೆ ಚಾಸಿ ಅಂತ ಇಲ್ಲ. ಬಾಡಿನೇ ಚಾಸಿ. ನೆಲದ ಶೀಟು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಜಾಕ್ ಕೊಡೋ ಜಾಗ, ಇವು ಹೋದ್ರೆ ಗಾಡಿ ನಡು ಮುರಿದ ಹಾಗೆ. ಮಲೆನಾಡಲ್ಲಿ ಮಣ್ಣು ನೆಲದ ಶೆಡ್ಡು ಅಂದ್ರೆ ಮಳೆಗಾಲದುದ್ದಕ್ಕೂ ಕೆಳಗಿಂದ ಥಂಡಿ ಏರ್ತಾನೇ ಇರುತ್ತೆ. ಸೀಟು, ಮ್ಯಾಟು ತೆಗೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದ್ರೆ ಶೀಟು ಗಟ್ಟಿ. ಡಬ್ ಅಂದ್ರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಒಳಗೆ ಹೋದ್ರೆ ಹೋಗ್ಲಿ, ಅದು ಶೀಟಲ್ಲ, ಬಣ್ಣ ಹಿಡ್ಕೊಂಡಿರೋ ತುಕ್ಕು. ಹೊರಗಡೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಆಡಿಸಿ, ಹಿಡಿಯದ ಜಾಗದಲ್ಲಿ ಹಿಂದಿನವರ ಪುಟ್ಟಿ ಇದೆ.

ಬಾಗಿಲ ಕೆಳಗಿನ ಭಾಗ ಕೊಯ್ಯಬೇಕಾಗಿ ಬಂದ್ರೆ ಅದನ್ನ ಟಿಂಕರಿಂಗ್ ಗೊತ್ತಿರೋರಿಗೇ ಬಿಡಿ. ಕೊಯ್ಯೋಕೆ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ವೆಲ್ಡ್ ಮಾಡ್ತಾರಾ ಅಂತ ಮಾತ್ರ ಕೇಳಿ. ಬೇಡ ಅನ್ನೋನಾದ್ರೆ ಅವನ ಕೈಗೆ ಗಾಡಿ ಕೊಡಬೇಡಿ. ಹಾಗೆ ಕೊಟ್ಟ ಗಾಡಿಯೊಂದು ಬಾಗಿಲು ಹಾಕೋಕೇ ಆಗದ ಹಾಗೆ ನನ್ನ ಹತ್ರ ಬಂದಿತ್ತು, ಸರಿಮಾಡೋಕೆ ಎಂಟು ತಿಂಗಳು ಹಿಡೀತು.

ಪೇಟೆಗೆ ಓಡಿಸೋ ಮಾತು: ಆ ಕಾಲದ ಈ ಗಾಡಿಗೆ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕಿಗೆ ಒಂದೇ ಲೈನು. ಒಂದು ಹೋಸ್ ಒಡೆದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ, ನಾಲ್ಕೂ ಚಕ್ರ ಸೊನ್ನೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರ್, ಮೂರೂ ಹೋಸು ಹೊಸದು ಹಾಕಿ. ಹೋಸು ಮೇಲೆ ಚೆನ್ನಾಗಿದೆ ಅಂತ ಉಳಿಸಬೇಡಿ, ಒಳಗೆ ಊದಿ ದಾರಿ ಮುಚ್ಚಿರುತ್ತೆ. ತುಳಿದಾಗ ಎಣ್ಣೆ ಹೋಗುತ್ತೆ, ವಾಪಸ್ ಬರಲ್ಲ, ಚಕ್ರ ಹಿಡ್ಕೊಂಡೇ ಇರುತ್ತೆ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನ ಬಾಯಲ್ಲಿ ಊದಬೇಡಿ, ಗಾಳಿ ಹೊಡೀಬೇಡಿ. ಹಳೇ ಲೈನಿಂಗಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆ ಕವರ್‌ಗೆ ಹಾಕಿ ಬಿಸಾಕಿ.

ಬಣ್ಣದ ವಿಚಾರ ಈಗ ಬೇಡ.

ಪ್ರಶ್ನೆ (ಉಡುಪಿಯಿಂದ):
ನನ್ನ ಹತ್ತಿರವೂ ಇದೇ ಮಾಡೆಲ್ ಉಂಟು ಮಾರಾಯ್ರೆ. ಕಾರ್ಬುರೇಟರ್ ಎಷ್ಟು ತೊಳೆದರೂ ಪೆಟ್ರೋಲ್ ಉಕ್ಕಿ ಹೊರಗೆ ಬರ್ತದೆ. ಟ್ಯಾಂಕಿನ ಅಡಿಯಲ್ಲಿ ಸೂಜಿ ಮೊನೆಯಷ್ಟು ತೂತು ಕೂಡ ಉಂಟು, ಮನೆಯಲ್ಲೇ ಬೆಸುಗೆ ಹಾಕಬಹುದಾ?

ಉತ್ತರ:
ಟ್ಯಾಂಕಿಗೆ ಮನೇಲಿ ಬೆಸುಗೆ ಬೇಡವೇ ಬೇಡ ಸಾರ್. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಒಳಗಿರೋ ಆವಿ ಒಂದು ಕಿಡಿಗೆ ಸಿಡಿಯುತ್ತೆ. ರೇಡಿಯೇಟರ್ ರಿಪೇರಿಯವರಲ್ಲಿ ಹಬೆ ಬಿಟ್ಟು ತೊಳೆದು ಮಾಡೋರು ಇರ್ತಾರೆ, ಅವರಿಗೆ ಕೊಡಿ.

ಇನ್ನು ಉಕ್ಕೋದು. ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಮೇಲೆ ತೇಲೋ ಹಿತ್ತಾಳೆ ಫ್ಲೋಟ್ ತೆಗೆದು ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಕೇಳಿದ್ರೆ ಅದು ಮುಳುಗಿದ ದೋಣಿ. ಸದ್ದಿಲ್ಲದಿದ್ರೆ ಬಿಸಿನೀರಿನ ಲೋಟದಲ್ಲಿ ಅದ್ದಿ ಹಿಡೀರಿ. ಒಳಗಿನ ಗಾಳಿ ಕಾದು ತೂತಿರೋ ಕಡೆಯಿಂದ ಸಣ್ಣ ಗುಳ್ಳೆ ಸಾಲಾಗಿ ಏಳುತ್ತೆ, ಅಲ್ಲೇ ಗುರುತು ಹಾಕಿ. ಫ್ಲೋಟ್ ಸರಿಯಿದ್ರೆ ಪೆಟ್ರೋಲ್ ತಡೆಯೋ ಸೂಜಿ, ಅಂದ್ರೆ ನೀಡಲ್ ವಾಲ್ವ್, ಸವೆದಿದೆ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು, ಪಂಪಿನ ಹಳೇ ಡಯಾಫ್ರಮ್ಮು, ಹಳೇ ರಬ್ಬರ್ ಪೈಪು ಅದಕ್ಕೆ ಮೆತ್ತಗಾಗಿ ಒಳಗೇ ಪುಡಿ ಉದುರಿಸ್ತಾವೆ. ಆ ಪುಡಿ ಸೀದಾ ಕಾರ್ಬುರೇಟರಿನ ಸಣ್ಣ ತೂತಿಗೆ, ಜೆಟ್ಟಿಗೆ. ಎಥನಾಲ್ ತಡೆಯೋ ಪೈಪು ಕೇಳಿ ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಪೆಟ್ರೋಲ್ ಇಳಿಸಿಬಿಡಿ, ಎಥನಾಲ್ ನೀರು ಎಳೆಯುತ್ತೆ. ನಿಮ್ಮ ಕಡಲ ಗಾಳಿಗಂತೂ ಕೇಳೋದೇ ಬೇಡ.

ಪ್ರಶ್ನೆ (ಹುಬ್ಬಳ್ಳಿಯಿಂದ):
ನಮ್ಮ ಮಾವನೋರದು 1984ರ ಪದ್ಮಿನಿ ಐತ್ರಿ, ಇದೇ ಫಿಯಟ್ಟಿಗೆ ಆಮ್ಯಾಲೆ ಬಂದ ಹೆಸರು. ಇಲ್ಲೊಬ್ಬರು ಹಳೇ ಎಂಜಿನ್ ತಗದು ಓಮ್ನಿ ಎಂಜಿನ್ ಕೂಡ್ರಿಸಿದ್ರ ಆರಾಮ ಓಡತೈತಿ, ಸಾಮಾನೂ ಸಿಗತಾವು ಅಂತಾರ. ಏನ್ ಮಾಡೂದ್ರಿ?

ಉತ್ತರ:
1089 ಸಿಸಿ ಎಂಜಿನ್ ಎಳೀತಿದ್ದ ಗಾಡಿಗೆ 796 ಸಿಸಿ ಮೂರು ಸಿಲಿಂಡರ್ ಕಟ್ಟಿದ್ರೆ ಆರಾಮ ಎಲ್ಲಿಂದ ಬರುತ್ತಮ್ಮಾ? ಎಂಜಿನ್ ಬದಲಾಯಿಸೋಕೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು, ಅದನ್ನ ಹೇಳಿದ್ರಾ ಅವರು? ಪದ್ಮಿನಿ ಸಾಮಾನು ಸಿಗಲ್ಲ ಅನ್ನೋದು ಅರ್ಧ ಸುಳ್ಳು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತನಕ ಓಡಿದಾವೆ, ಅಲ್ಲಿ ಎಂಜಿನ್, ಗೇರ್‌ಬಾಕ್ಸ್ ಸಾಮಾನು ಇನ್ನೂ ಇದೆ. ಬೆಂಗಳೂರಲ್ಲಾದ್ರೆ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಸುತ್ತಿ. ಕಷ್ಟ ಇರೋದು ಬಾಗಿಲ ರಬ್ಬರ್, ಕ್ರೋಮ್ ಪಟ್ಟಿ, ದೀಪದ ಗಾಜು ಇಂಥವಕ್ಕೆ. ಅದಕ್ಕೇ ಹೇಳೋದು, ಮುರಿದಿದ್ರೂ ಹಳೇ ತುಂಡು ಎಸೀಬೇಡಿ. ಕೂತಿರೋ ಎಂಜಿನ್ನೂ ಅಷ್ಟೇ, ಸಿಲಿಂಡರ್ ಕೊರೆಸಿ ನುಣುಪು ಮಾಡಿಸಿದ್ರೆ (ರೀಬೋರ್) ಎದ್ದು ಬರುತ್ತೆ.

ಪ್ರಶ್ನೆ (ಸಾಗರದವರೇ):
ನಮ್ಮದು ಎಂವೈ ನಂಬರ್, ಮೈಸೂರು ರಾಜ್ಯ ಅಂತಿದ್ದ ಕಾಲದ್ದು. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದ್ರೆ ಆ ನಂಬರ್ ಹೋಗುತ್ತಾ?

ಉತ್ತರ:
ಹೋಗಲ್ಲ. ಹಳೇ ಕಾರು ಪ್ರೇಮಿಗಳ ಲೆಕ್ಕದಲ್ಲಿ ವಿಂಟೇಜ್ ಅಂದ್ರೆ 1930ರ ಒಳಗಿನದು, ನಮ್ಮ ಫಿಯಟ್ ಕ್ಲಾಸಿಕ್ ಅಷ್ಟೇ. ಆದ್ರೆ ಕೇಂದ್ರ 2021ರಲ್ಲಿ ತಂದ ನಿಯಮದಲ್ಲಿ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ್ರೆ ವಿಂಟೇಜೇ. ‘ವಿಎ’ ಇರೋ ನಂಬರ್ ಹೊಸದಾಗಿ ನೋಂದಣಿ ಆಗೋ ಗಾಡಿಗೆ, ಅದಕ್ಕೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆಗಲೇ ನೋಂದಣಿ ಇರೋ ಗಾಡಿ ಹಳೇ ನಂಬರನ್ನೇ ಇಟ್ಕೋಬಹುದು. ಬಾಡಿ, ಎಂಜಿನ್ ದೊಡ್ಡದಾಗಿ ಮಾರ್ಪಾಡು ಮಾಡಿರಬಾರದು, ಹುಬ್ಬಳ್ಳಿಯವ್ರೂ ಇದನ್ನ ಓದ್ಕೊಳ್ಳಿ. ಆಮೇಲೆ ಅದರಲ್ಲಿ ದಿನಾ ಪೇಟೆಗೆ ಹೋಗೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಅಷ್ಟಕ್ಕೇ. ತೋಟಕ್ಕೆ, ಮದುವೆಗೆ ಓಡಿಸೋ ಆಸೆ ಇದ್ರೆ ಮಾಮೂಲಿ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ದಾರೀನೇ ನೋಡಿ.

ಸಾಗರದವರು (11 ದಿನದ ನಂತರ):
ಮೇಸ್ತ್ರಿ, ಬ್ಯಾಟರಿ ವಾಪಸ್ ತಗೊಳ್ಲಿಲ್ಲ. ಡ್ರೈವರ್ ಸೀಟಿನ ಕೆಳಗೆ ಸ್ಕ್ರೂಡ್ರೈವರ್ ಹಿಡಿ ತನಕ ಹೋಯ್ತು, ಬೆಳಕು ಹಾಕಿದ್ರೆ ಶೆಡ್ಡಿನ ನೆಲ ಕಾಣುತ್ತೆ. ಆದ್ರೆ ಇವತ್ತು ಚಿಕ್ಕಪ್ಪನ ಮಗನೂ ನಾನೂ ಟಾಪ್ ಗೇರಲ್ಲಿ ಅಲ್ಲಾಡಿಸಿದ್ವಿ. ಮೊದಲು ಗೋಡೆ ತಳ್ಳಿದ ಹಾಗಿತ್ತು. ಇಪ್ಪತ್ತು ನಿಮಿಷ ಆದ್ಮೇಲೆ ಟಕ್ ಅಂತ ಶಬ್ದ ಬಂದು ಫ್ಯಾನ್ ಎರಡು ಬೆರಳಷ್ಟು ತಿರುಗ್ತು! ಈಗ ಸೆಲ್ಫ್ ಹೊಡೀಲಾ?

ಉತ್ತರ:
ಬೇಡ! ಇನ್ನೊಂದು ಸುತ್ತು ಎಣ್ಣೆ ಬಿಟ್ಟು ನಾಲ್ಕು ದಿನ ಬಿಡಿ. ಫ್ಯಾನ್ ಪೂರ್ತಿ ಎರಡು ಸುತ್ತು ಸಲೀಸಾಗಿ ಬರೋ ತನಕ ಕೈಯಲ್ಲೇ. ಎಂಜಿನ್ ಮೇಲಿನ ಮುಚ್ಚಳ (ಟ್ಯಾಪೆಟ್ ಕವರ್) ಬಿಚ್ಚಿಟ್ಟು, ಎಂಟೂ ವಾಲ್ವ್ ಕೆಳಗಿಳಿದು ಮೇಲೇಳ್ತಾವಾ ನೋಡಿ. ಅಲ್ಲಾಡಿಸೋವಾಗ ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿರಿ, ಇಲ್ಲಾಂದ್ರೆ ಎಣ್ಣೆ ನೇರ ಮುಖಕ್ಕೆ ಹಾರುತ್ತೆ. ಸೀಟಿನ ಕೆಳಗಿನ ಆ ತೂತಿನ ಫೋಟೋ ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.