‘ಬ್ರಿಜೆಟ್ ಜೋನ್ಸಸ್ ಬೇಬಿ’ ಓದಿ ನಕ್ಕೂ ನಕ್ಕೂ ಕೊನೆಗೆ ಅತ್ತೆ. ನಿಮಗೂ ಹೀಗಾಯ್ತಾ? (ಕಥೆ ಗೊತ್ತಾಗಿಬಿಡುತ್ತದೆ, ನೋಡಿಕೊಂಡು ಓದಿ)

ನಾಗವೇಣಿ, ಮೈಸೂರು
ಹೆಲೆನ್ ಫೀಲ್ಡಿಂಗ್ ಅವರ ಈ ಪುಸ್ತಕ ನಿನ್ನೆ ರಾತ್ರಿ ಮುಗಿಸಿದೆ. ಬ್ರಿಜೆಟ್ ಬಸುರಿ. ತಂದೆ ಮಾರ್ಕೋ ಡೇನಿಯಲ್ಲೋ ಅವಳಿಗೇ ಗೊತ್ತಿಲ್ಲ. ಆ ಫಜೀತಿ ಓದುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ನನ್ನನ್ನು ಹಿಡಿದದ್ದು ಶುರುವಿನಲ್ಲಿ ಬ್ರಿಜೆಟ್ ತನ್ನ ಮಗ ಬಿಲ್ಲಿಗೆ ಬರೆದ ಪತ್ರ. ಬೇರೆ ಯಾರೋ ಹೇಳುವ ಮೊದಲು ಅಮ್ಮನೇ ಎಲ್ಲ ಹೇಳಿಬಿಡುತ್ತಾಳೆ.

ನನಗೆ 41ಕ್ಕೆ ಮಗ ಹುಟ್ಟಿದ. ಮುಟ್ಟು ನಿಲ್ಲುವ ಕಾಲ ಬಂತು ಅಂದುಕೊಂಡು ಮೂರು ತಿಂಗಳು ಸುಮ್ನೆ ಇದ್ದೆ. ಮಗಳು ಆಗ ಪಿಯುಸಿ. ವಿಷಯ ಗೊತ್ತಾಗಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕಾಲೇಜಿಂದ ಬಂದವಳು ಕಾಗದದಲ್ಲಿ ಸುತ್ತಿದ್ದ ಚಿಗಳಿ ನನ್ನ ಕೈಗಿಟ್ಟು ಒಳಗೆ ಹೋದಳು.

ಮಗನಿಗೆ ಈಗ 11. ಹೋದ ವಾರ ಒಂದು ಮದುವೆಯಲ್ಲಿ ಯಾರೋ ಅವನಿಗೆ ‘ನೀನು ಯಾರೂ ಕರೆಯದೆ ಬಂದವನು ಕಣೋ’ ಅಂದರಂತೆ. ಅವತ್ತಿಂದ ಮಂಕಾಗಿದ್ದಾನೆ. ನೀವಾಗಿದ್ದರೆ ಹೇಗೆ ಹೇಳುತ್ತಿದ್ದಿರಿ?

ರಘು, ಶಿವಮೊಗ್ಗ
ಮೇಡಂ, ನಾನು ಸಿನಿಮಾ ಮೊದಲು ನೋಡಿದ್ದೆ. ಅದರಲ್ಲಿ ಡೇನಿಯಲ್ ಇಲ್ಲ, ಜಾಕ್ ಅಂತ ಒಬ್ಬ ಅಮೆರಿಕದವನು. ಪುಸ್ತಕವೇ ಜಾಸ್ತಿ ಇಷ್ಟವಾಯಿತು. 2013ರಲ್ಲಿ ಬಂದ ‘ಮ್ಯಾಡ್ ಅಬೌಟ್ ದ ಬಾಯ್’ ಓದಿದ್ದೀರಾ? ಅದರಲ್ಲಿ ಬ್ರಿಜೆಟ್‌ಗೆ 51, ಮಾರ್ಕ್ ತೀರಿಕೊಂಡಿದ್ದಾನೆ, ಎರಡು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಾಳೆ. ‘ಬೇಬಿ’ ಬಂದದ್ದು 2016ರಲ್ಲಿ, ಕಥೆ ಮಾತ್ರ ಅದಕ್ಕೂ ಹಿಂದಿನದು. ಹಾಗಾಗಿ ಮಾರ್ಕ್ ಬಂದಾಗಲೆಲ್ಲ ನನಗೆ ಗಂಟಲು ಕಟ್ಟಿತು.

ಸುಮಂಗಲಾ, ಹುಬ್ಬಳ್ಳಿ
ನಾಗವೇಣಿ ಅಕ್ಕಾ, ನನಗೆ ಪುಸ್ತಕದ ಮೇಲೆ ಸ್ವಲ್ಪ ತಕರಾರಿದೆ. ನನಗೂ ನಲವತ್ತರ ಮೇಲೆ ಬಸಿರು ನಿಂತಿತ್ತು. ಶುಗರ್ ಬಂತು. ದಿನಕ್ಕೆ ನಾಲ್ಕು ಸಲ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೆ, ಬೆರಳ ತುದಿಯೆಲ್ಲ ಗಡಸಾಗಿತ್ತು. ಆ ಭಯ ಇಲ್ಲಿ ಬೇಗ ದಾಟಿಹೋಗುತ್ತದೆ. ಆದರೆ ಪತ್ರದ ಮಾತು ಒಪ್ಪಿದೆ. ನೀವೇ ಹೇಳಿ, ಇವತ್ತೇ ಹೇಳಿ. ಹೆದರಿದ್ದನ್ನೂ ಮುಚ್ಚಿಡಬೇಡಿ. ಮಕ್ಕಳಿಗೆ ಹೇಗೂ ಗೊತ್ತಾಗುತ್ತದೆ.

ನಾಗವೇಣಿ, ಮೈಸೂರು
ರಘು ಅವರೇ, ಅದನ್ನು ಓದಿಲ್ಲ. ಸ್ವಲ್ಪ ದಿನ ಬಿಟ್ಟು ಓದುತ್ತೇನೆ.

ಸುಮಂಗಲಾ, ಸಂಜೆ ಮಗನಿಗೆ ಹೇಳಿದೆ. ಹೆದರಿದ್ದೆ, ನಾಚಿಕೆಯಾಗಿತ್ತು, ಆಮೇಲೆ ನೀನು ಹೊಟ್ಟೆಯಲ್ಲಿ ಒದ್ದ ದಿನದಿಂದ ನಿನ್ನ ದಾರಿ ಕಾದೆ ಅಂದೆ. ಅವನು ಕೇಳಿದ್ದು ಒಂದೇ: ‘ಅಕ್ಕಂಗೆ ನನ್ನ ಮೇಲೆ ಸಿಟ್ಟಿತ್ತಾ?’ ಚಿಗಳಿಯ ಕಥೆ ಹೇಳಿದೆ. ತನಗೂ ಬೇಕಂತೆ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಾಣಿಗೆ ಹಾಕಿದ್ದೇನೆ. ಅವನೇ ಕುಟ್ಟುತ್ತಿದ್ದಾನೆ.