ಬಬಲ್ ಕ್ಯಾನೊಪಿಯೊಳಗೆ ಬೇಯುತ್ತಿದ್ದೇನೆ, ದಾರಿ ಹೇಳಿ

ಎರಡುಸೀಟು:

ಎಲ್ಲರಿಗೂ ನಮಸ್ಕಾರ. ನನ್ನದು ಕಿಟ್ ತರಿಸಿ ಆರು ವರ್ಷ ಕೂತು ಕಟ್ಟಿದ ವಿಮಾನ. ಅಕ್ಕಪಕ್ಕ ಎರಡು ಸೀಟು, ಕೆಳಗೆ ರೆಕ್ಕೆ, ಮುಂದಕ್ಕೆ ಎತ್ತಿ ತೆರೆಯುವ ಬಬಲ್ ಕ್ಯಾನೊಪಿ, ಅಂದರೆ ಸೀಟುಗಳನ್ನು ಗುಳ್ಳೆಯ ಹಾಗೆ ಮುಚ್ಚುವ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಪಾರದರ್ಶಕ ಮುಚ್ಚಳ. ಹ್ಯಾಂಗರ್‌ನಲ್ಲಿ ನಿಂತಿದ್ದರೆ ನೋಡುತ್ತಾ ಇರೋಣ ಅನಿಸುತ್ತದೆ. ಬಿಸಿಲಿಗೆ ತಂದರೆ ಮಾತ್ರ ನಾವಿಬ್ಬರೂ ಮುಚ್ಚಳ ಹಾಕಿದ ಪಾತ್ರೆಯೊಳಗೆ ಕೂತ ಹಾಗೆ.

ಹೋದ ವಾರ ಮಧ್ಯಾಹ್ನ ರನ್‌ವೇಗೆ ಹೋಗುವ ದಾರಿಯಲ್ಲಿ, ಅಂದರೆ ಟ್ಯಾಕ್ಸಿವೇಯಲ್ಲಿ, ಹನ್ನೆರಡು ನಿಮಿಷ ಸರದಿ ಕಾದೆ. ಹೊರಗೆ 32 ಡಿಗ್ರಿ. ಎರಡು ಸೀಟಿನ ನಡುವೆ ಇಟ್ಟಿದ್ದ ಥರ್ಮಾಮೀಟರ್ 54 ತೋರಿಸುತ್ತಿತ್ತು. ಬೆವರು ಕನ್ನಡಕಕ್ಕೆ ಇಳಿದು ರೇಡಿಯೊ ಫ್ರೀಕ್ವೆನ್ಸಿ ತಪ್ಪಾಗಿ ಒತ್ತಿದೆ. ಪಕ್ಕದಲ್ಲಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮೇಲೆ ಹೋದಮೇಲೆ ಸರಿಹೋಗುತ್ತದೆ ಅಂದುಕೊಂಡಿದ್ದೆ. 6,000 ಅಡಿಯಲ್ಲಿ ಹೊರಗೆ 20 ಡಿಗ್ರಿ. ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತಿದೆ, ಆದರೂ ನೆತ್ತಿ ಕಾದ ಹೆಂಚು, ಭುಜ ಮತ್ತು ತೊಡೆ ಚುರುಚುರು.

ಕಾರಿಗೆ ಹಾಕುವ ಫಿಲ್ಮ್ ಅಂಟಿಸಲಾ? ಇನ್ನೊಂದು ಗಾಳಿ ಕಿಂಡಿ ಕೊರೆಯಲಾ? ಅಕ್ರಿಲಿಕ್ ಹತ್ತಿರ ಡ್ರಿಲ್ ಹಿಡಿಯಲು ಮನಸ್ಸಿಲ್ಲ. ಅದನ್ನು ಕತ್ತರಿಸಿದ ದಿನದ ಎದೆಬಡಿತ ಇನ್ನೂ ಇಳಿದಿಲ್ಲ.

ಹಳೇರಿವೆಟ್:

ಮೊದಲು ಆ ಥರ್ಮಾಮೀಟರ್ ವಿಷಯ. ಬಿಸಿಲು ಬೀಳುವ ಜಾಗದಲ್ಲಿ ಇಟ್ಟಿದ್ದಿರಿ ಅಲ್ವಾ? ಹಾಗಾದರೆ ಅದು ಗಾಳಿಯ ಬಿಸಿ ಹೇಳಲಿಲ್ಲ, ತಾನು ಎಷ್ಟು ಕಾದಿದ್ದೇನೆ ಅಂತ ಹೇಳಿತು. ಸುಮ್ನೆ ಕೊಂಕು ತೆಗೆಯುತ್ತಿಲ್ಲ ಸಾರ್. ನಿಮ್ಮ ಭುಜದ ಕಥೆಯೂ ಅದೇ. ಸುತ್ತ ಗಾಳಿ ಎಷ್ಟೇ ತಂಪಿರಲಿ, ಬಿಸಿಲು ನೇರ ಬಿದ್ದದ್ದು ಕಾಯುತ್ತದೆ.

ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್ ಬೀಳುತ್ತದೆ. ನಿಮ್ಮ ಕ್ಯಾನೊಪಿ ಮೇಲಿಂದ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಅಗಲ. ಇಸ್ತ್ರಿಪೆಟ್ಟಿಗೆ ಆನ್ ಮಾಡಿ ಪಕ್ಕದಲ್ಲಿಟ್ಟುಕೊಂಡು ಹಾರಿದ ಲೆಕ್ಕ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಶೇ. 92ರಷ್ಟನ್ನು ಬಣ್ಣವಿಲ್ಲದ ಅಕ್ರಿಲಿಕ್ ಒಳಗೆ ಬಿಡುತ್ತದೆ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅದರಲ್ಲೂ ಬಹುಪಾಲು ಒಳಗೇ ಬರುತ್ತದೆ. ಸೀಟು, ಮುಂದಿನ ಮೀಟರುಗಳ ಪ್ಯಾನೆಲ್ ಕಾದು ವಾಪಸ್ ಬಿಡುವ ಬಿಸಿ ಮಾತ್ರ ಬೇರೆ ಅಲೆಯದ್ದು. ಅದಕ್ಕೆ ಅಕ್ರಿಲಿಕ್ ದಾಟಲು ಆಗುವುದಿಲ್ಲ.

ಫಿಲ್ಮ್ ಬೇಡ. ಅಂಟಿಸಿ ಅನುಭವಿಸಿದವನು ಹೇಳುತ್ತಿದ್ದೇನೆ. ಕಾರಿನ ಕಿಟಕಿ ಒಂದೇ ಕಡೆ ಬಾಗಿರುತ್ತದೆ, ಬಬಲ್ ಎರಡು ಕಡೆಗೂ ಬಾಗಿರುತ್ತದೆ. ಚೆಂಡಿಗೆ ಕಾಗದ ಸುತ್ತಿ ನೋಡಿ, ಸುಕ್ಕು ಬರದೆ ಇರುತ್ತದಾ? ನಾನು ಹಟ ಬಿಡದೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಿಂಭಾಗಕ್ಕೆ ಅಂಟಿಸಿದೆ. ಎರಡನೇ ಬೇಸಿಗೆಗೆ ಅಂಚು ಎದ್ದಿತು, ಒಳಗೆ ಗುಳ್ಳೆ ಬಂತು. ಕಿತ್ತರೆ ಅಂಟು ಉಳಿಯಿತು. ಆಮೇಲೆ ಮಾಡಿದ್ದು ಶುದ್ಧ ದಡ್ಡತನ: ಅಂಟು ತೆಗೆಯಲು ಅಸಿಟೋನ್ ಮುಟ್ಟಿಸಿದೆ. ಅಕ್ರಿಲಿಕ್‌ಗೆ ಅದು ವಿಷ. ಕೂದಲೆಳೆಯಂಥ ಬಿರುಕುಗಳು ಎದ್ದವು. ಇವತ್ತಿಗೂ ಸಂಜೆ ಸೂರ್ಯ ಹಿಂದಿದ್ದರೆ ಅಲ್ಲಿ ಜೇಡರ ಬಲೆ ಹೊಳೆಯುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರಾವಣ, ಪೆಟ್ರೋಲ್, ಇವನ್ನೂ ಹತ್ತಿರ ಸೇರಿಸಬೇಡಿ.

ಹುಟ್ಟುವಾಗಲೇ ಬಣ್ಣ ಹಾಕಿದ ಬೂದು ಕ್ಯಾನೊಪಿ ಸಿಗುತ್ತದೆ. ಕಟ್ಟುವ ಮುಂಚೆ ಕೇಳಿದ್ದರೆ ಹಗುರ ಬೂದು ತಗೊಳ್ಳಿ ಅನ್ನುತ್ತಿದ್ದೆ. ಕಡು ಬೂದು ರಾತ್ರಿ ಹಾರುವವರಿಗೆ ತೊಂದರೆ. ಈಗ ಆ ಮಾತೇಕೆ.

ನನಗೆ ಕೊನೆಗೆ ದಾರಿ ತೋರಿಸಿದ್ದು ಒಂದು ಬಟ್ಟೆ ತುಂಡು. ವಿಮಾನ ಮಗುಚಿದರೆ ತಲೆ ಕಾಯುವ ರೋಲ್ ಬಾರ್‌ನಿಂದ ಕ್ಯಾನೊಪಿಯ ಮುಂದಿನ ಫ್ರೇಮ್‌ವರೆಗೆ ಎರಡು ತೆಳ್ಳನೆ ಹಗ್ಗ ಬಿಗಿದು, ಅದರ ಮೇಲೆ ಪರದೆ ಥರ ಜಾರುವ 45 ಸೆಂಟಿಮೀಟರ್ ಅಗಲದ ಬಟ್ಟೆ. ಮೇಲ್ಮೈ ಬಿಳಿ, ಕೆಳಗಡೆ ಕಡುಬೂದು. ಕೆಳಗೂ ಬಿಳಿ ಇದ್ದರೆ ಅದರ ಪ್ರತಿಬಿಂಬ ಕ್ಯಾನೊಪಿ ತುಂಬ ಕುಣಿಯುತ್ತದೆ. ಪ್ಯಾನೆಲ್ ಮೇಲಿನ ಕಪ್ಪು ಹೊದಿಕೆಯನ್ನು ತಿಳಿ ಬಣ್ಣಕ್ಕೆ ಬದಲಾಯಿಸಬೇಡಿ ಅನ್ನುವುದೂ ಇದಕ್ಕೇ. ಸೀಟು ಮತ್ತು ಹಿಂದಿನ ಲಗೇಜ್ ಜಾಗದ ಕಾರ್ಪೆಟ್ ಬೇಕಾದರೆ ತಿಳಿ ಬಣ್ಣಕ್ಕೆ ಹೋಗಲಿ.

ಬಟ್ಟೆ ಎಳೆದ ಮೊದಲ ದಿನ ಒಳಗಿನ ಗಾಳಿ ಎರಡು ಡಿಗ್ರಿ ಕೂಡ ಇಳಿಯಲಿಲ್ಲ. ಆದರೆ ನೆತ್ತಿ ತಣ್ಣಗಾಯಿತು. ಅಷ್ಟೇ ಬೇಕಾಗಿದ್ದದ್ದು.

ಒಂದು ಷರತ್ತು. ತಿರುಗುವಾಗ ನಾವು ನೋಡುವುದೇ ಕ್ಯಾನೊಪಿಯ ಮೇಲ್ಭಾಗದಿಂದ. ಆದ್ದರಿಂದ ಏರುವಾಗ, ಇಳಿಯುವಾಗ, ರನ್‌ವೇ ಸುತ್ತ ಇರುವಾಗ ಬಟ್ಟೆ ಪೂರ್ತಿ ಹಿಂದಕ್ಕೆ. ನೇರ ಹಾರುವಾಗ ಮಾತ್ರ ಮುಂದಕ್ಕೆ. ಒಂದೇ ಕೈಯಲ್ಲಿ ಸರಿಸಲು ಬರದಿದ್ದರೆ ಅದನ್ನು ಹಾಕಲೇಬೇಡಿ. ರಬ್ಬರ್ ಬಟ್ಟಲಿನ ಹಾಗೆ ಗಾಜಿಗೆ ಕಚ್ಚುವ ಹಿಡಿಕೆಗಳೂ ಬೇಡ. ಪಾರದರ್ಶಕವಾದದ್ದು ಬಿಸಿಲಿಗೆ ಭೂತಗನ್ನಡಿ ಆಗಬಹುದು.

ಇನ್ನು ಗಾಳಿ. 1,000 ವಾಟ್ ಬಿಸಿಯನ್ನು ಗಾಳಿಯೇ ಹೊತ್ತು ಹೊರಗೆ ಹಾಕಬೇಕು, ಅದೂ ಹೊರಗಿಗಿಂತ ಹತ್ತು ಡಿಗ್ರಿಗಿಂತ ಜಾಸ್ತಿ ಏರದ ಹಾಗೆ ಅಂದರೆ, ಸೆಕೆಂಡಿಗೆ 80 ಲೀಟರ್‌ಗೂ ಮೇಲೆ ಬೇಕು. 2 ಇಂಚಿನ ಒಂದೇ ಪೈಪಿನಲ್ಲಿ ಇಷ್ಟು ಹೋಗಲು ಗಾಳಿ ಸೆಕೆಂಡಿಗೆ 40 ಮೀಟರ್ ಓಡಬೇಕು. ಬಾಗು ತಿರುವಿನ ಪೈಪಲ್ಲಿ ಅದು ಕಷ್ಟ. ಕಿಂಡಿ ಕೊರೆಯುವ ಮುಂಚೆ ಇನ್ನೊಂದು ನೋಡಿ: ಬಂದ ಗಾಳಿ ಹೊರಗೆ ಹೋಗಲು ದಾರಿ ಇದೆಯಾ? ಬಾಟಲಿಯೊಳಗೆ ಊದಿದರೆ ಎಷ್ಟು ಗಾಳಿ ಹೋದೀತು? ಹಾರುವಾಗ ಬಬಲ್‌ನ ನೆತ್ತಿಯ ಸುತ್ತ ಒತ್ತಡ ಕಡಿಮೆ. ಕ್ಯಾನೊಪಿಯ ಹಿಂದಿನ ಅಂಚಿನ ಸಂದು ಹೊರಗಿನದ್ದನ್ನು ಒಳಗೆ ಎಳೆಯುತ್ತದಾ, ಒಳಗಿನದ್ದನ್ನು ಹೊರಗೆ ಬಿಡುತ್ತದಾ ಅಂತ ಒಂದು ಉಲ್ಲನ್ ದಾರ ಅಂಟಿಸಿ ನೋಡಿ. ನನ್ನದರಲ್ಲಿ ಬಾಲದ ಕಡೆಯ ಬಿಸಿ ಗಾಳಿ ಲಗೇಜ್ ಗೋಡೆಯ ಸಂದಿಯಿಂದ ನನ್ನ ಕುತ್ತಿಗೆಗೆ ಬರುತ್ತಿತ್ತು. ಅದನ್ನು ಮುಚ್ಚಿದ್ದು ಹೊಸ ಕಿಂಡಿಗಿಂತ ಜಾಸ್ತಿ ಉಪಕಾರ ಮಾಡಿತು.

ಎಂಜಿನ್ಇಲ್ಲ:

ನಾನು ಗ್ಲೈಡರಿನವನು. ನಾಲ್ಕೈದು ಗಂಟೆ ಬಬಲ್ ಕೆಳಗೇ ಕೂರುವುದು ನಮಗೆ ಮಾಮೂಲು. ಹತ್ತಿಯ ಬಿಳಿ ಟೋಪಿ, ಉದ್ದ ತೋಳಿನ ಸಡಿಲ ಅಂಗಿ, ಕೈಗೆ ಸಿಗುವ ನೀರು. ಟೋಪಿಯ ನೆತ್ತಿಯ ಮೇಲೆ ಗುಂಡಿ ಇರಬಾರದು. ಗಾಳಿ ಎತ್ತಿ ಹಾಕಿದಾಗ ಅದು ಕ್ಯಾನೊಪಿಗೂ ತಲೆಗೂ ನಡುವೆ ಸಿಕ್ಕರೆ ಆಮೇಲೆ ಗೊತ್ತಾಗುತ್ತದೆ. ಮುಂದೆ ಚಾಚಿದ ಗಟ್ಟಿ ಅಂಚೂ ಬೇಡ, ಮೇಲೆ ಕಾಣುವುದಿಲ್ಲ.

ನಿಮ್ಮದು ಎತ್ತಿ ತೆರೆಯುವ ಕ್ಯಾನೊಪಿ, ಅದಕ್ಕೆ ಹೇಳುತ್ತೇನೆ: ತಣ್ಣಗಾಗಲಿ ಅಂತ ಬಿಸಿಲಲ್ಲಿ ತೆರೆದಿಟ್ಟು ಆಚೆ ಹೋಗಬೇಡಿ. ಒಳಬದಿಯ ಬಾಗು ಕನ್ನಡಿಯ ಹಾಗೆ ಬಿಸಿಲನ್ನು ಒಂದೇ ಚುಕ್ಕೆಗೆ ತಂದು ನಿಲ್ಲಿಸಬಹುದು. ನಮ್ಮವರೊಬ್ಬರ ತಲೆದಿಂಬಿನಲ್ಲಿ ಹಾಗೇ ಹೆಬ್ಬೆರಳು ಹೋಗುವಷ್ಟು ತೂತಾಗಿದೆ. ಮುಚ್ಚಿ, ಹೊರಗಿನಿಂದ ಬಿಳಿ ಹೊದಿಕೆ ಹಾಕಿ. ಹಾಕುವ ಮೊದಲು ಧೂಳು ತೊಳೆಯಿರಿ, ಇಲ್ಲದಿದ್ದರೆ ಹೊದಿಕೆಯೇ ಗೀರು ಹಾಕುತ್ತದೆ.

ಸ್ಪ್ಯಾನರ್:

ಒಂದೇ ಪ್ರಶ್ನೆ. ನೆತ್ತಿ ಬಿಸಿ ಅಂದಿರಿ. ಪಾದ?

ಎರಡುಸೀಟು:

ಪಾದವೂ ಬಿಸಿ! ಬಿಸಿಲೇ ಅಂದುಕೊಂಡಿದ್ದೆ.

ಸ್ಪ್ಯಾನರ್:

ಪ್ಯಾನೆಲ್ ಕೆಳಗೆ ಬಿಸಿಲು ಎಲ್ಲಿ ಬೀಳುತ್ತದೆ ಮಾರಾಯ್ರೇ? ಹೀಟರ್ ಬಾಗಿಲು ಪೂರ್ತಿ ಮುಚ್ಚುತ್ತಿದೆಯಾ ನೋಡಿ. ಸೈಲೆನ್ಸರ್ ಸುತ್ತ ಕಾಯಿಸಿದ ಗಾಳಿ ಅದು. ಎಲ್ಲಾದರೂ ಬಿರುಕಿದ್ದರೆ ಬಿಸಿಯ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಅಳೆಯುವ ಡಿಟೆಕ್ಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿ, ಬಟ್ಟೆ ಆಮೇಲೆ ಹೊಲಿಯಿರಿ.

ಎರಡುಸೀಟು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹೀಟರ್ ಬಾಗಿಲು ಒಂದು ಬೆರಳು ತೆರೆದೇ ಇತ್ತು. ಕೇಬಲ್ ಹಿಡಿಯುವ ಸ್ಕ್ರೂ ಜಾರಿದೆ, ಒಳಗೆ ಹೀಟರ್ ಗುಂಡಿ ಪೂರ್ತಿ ಒತ್ತಿದ್ದರೂ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕಟ್ಟಿದವನು ನಾನೇ, ಯಾರನ್ನು ಬೈಯಲಿ. ಸೈಲೆನ್ಸರ್ ಬಿಚ್ಚಿ ನೋಡಿದೆ, ಬಿರುಕಿಲ್ಲ. ಡಿಟೆಕ್ಟರ್ ಹಾಕಿದ್ದೇನೆ, ಸೊನ್ನೆ ತೋರಿಸುತ್ತಿದೆ.

ಥರ್ಮಾಮೀಟರನ್ನು ಸೀಟಿನ ಕೆಳಗೆ ನೆರಳಿಗೆ ಸರಿಸಿದೆ. ಟ್ಯಾಕ್ಸಿವೇಯಲ್ಲಿ 41. ಕಾಯುವಾಗ ಕ್ಯಾನೊಪಿಯನ್ನು ಮೊದಲ ಕೊಕ್ಕೆಯಲ್ಲಿ ಸ್ವಲ್ಪ ಎತ್ತಿ ಇಡುತ್ತೇನೆ, 37ಕ್ಕೆ ಇಳಿಯಿತು. ಟೇಕಾಫ್‌ಗೆ ಮುಂಚೆ ಓದುವ ಚೆಕ್‌ಲಿಸ್ಟಿನ ಕೊನೆಯ ಸಾಲಿನಲ್ಲಿ 'ಕ್ಯಾನೊಪಿ ಬೀಗ, ಕೈಯಿಂದ ತಳ್ಳಿ ನೋಡು' ಅಂತ ಕೆಂಪಿನಲ್ಲಿ ಬರೆದುಕೊಂಡಿದ್ದೇನೆ. ಒಂದು ದಿನ ಮರೆತರೂ ಆಯಿತು ಕಥೆ.

ಬಟ್ಟೆ ಹೊಲಿದದ್ದು ಹೆಂಡತಿ. ನನ್ನ ಅಳತೆ ಮೂರು ಸೆಂಟಿಮೀಟರ್ ತಪ್ಪಿತ್ತು ಅಂತ ಅವಳೇ ಕಂಡುಹಿಡಿದಳು. ನಿನ್ನೆ ಒಂದೂವರೆ ಗಂಟೆ ಹಾರಿದೆವು. ದಾರಿಯುದ್ದಕ್ಕೂ ಮಾತಾಡಿದಳು, ಟವರ್ ಕರೆದದ್ದೂ ಕೇಳಿಸಲಿಲ್ಲ.

ಉಲ್ಲನ್ ದಾರ ಇನ್ನೂ ಅಂಟಿಸಿಲ್ಲ ರಿವೆಟ್ ಸಾರ್. ಭಾನುವಾರ ಮಾಡಿ ಹೇಳುತ್ತೇನೆ.